ಪ್ರಶ್ನೆಪತ್ರಿಕೆ ಬಾಯಿಬಿಟ್ಟಿತು

ಭೂಗೋಳದ ಮೇಷ್ಟ್ರು ಆ ದಿನ ಮಾಡಿದ ತಪ್ಪು ಒಂದೇ ಒಂದು. ಟೈಪ್ ಮಾಡಿ ಮಾಡಿ ಬೆರಳು ನೊಂದಾಗ, ಪಕ್ಕದಲ್ಲಿದ್ದ ದಪ್ಪ ಅಟ್ಲಾಸನ್ನು ಎತ್ತಿ ಕೀಲಿಮಣೆಯ ಬಲಮೂಲೆಯ ಮೇಲಿಟ್ಟು ಮೈ ಮುರಿದರು. ಅಷ್ಟಕ್ಕೇ ಶಿಕ್ಷಕರ ಕೋಣೆಯ ಕಂಪ್ಯೂಟರು ಮಾತಾಡಲು ಶುರುಮಾಡಿತು.

“ಸ್ಕ್ರೀನ್ ರೀಡರ್ ಚಾಲೂ ಆಗಿದೆ,” ಎಂದಿತು ಪರದೆಯ ಬರಹವನ್ನು ಓದಿಹೇಳುವ ಒಂದು ಹೆಣ್ಣುದನಿ, ಬಸ್ ನಿಲ್ದಾಣದಲ್ಲಿ ಕೂಗಿದಷ್ಟು ಜೋರಾಗಿ. “ಭೂಗೋಳ. ವಾರ್ಷಿಕ ಪರೀಕ್ಷೆ. ಅತ್ಯಂತ ಗೋಪ್ಯ.”

ಮಾರನೆಯ ಬೆಳಗಿನ ಪ್ರಶ್ನೆಪತ್ರಿಕೆ ಅದು. ಹೆಡ್ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: “ನಾಲ್ಕಕ್ಕೆ ಪತ್ರಿಕೆ ನನ್ನ ಕೈಗೆ ಕೊಟ್ಟು ನೀವು ಹೊರಡಬಹುದು. ಒಂದು ಪ್ರಶ್ನೆ ಹೊರಗೆ ಹೋದ್ರೂ ಕೂತು ಇನ್ನೊಂದು ಪತ್ರಿಕೆ ಮಾಡ್ಬೇಕು.” ಮೇಷ್ಟ್ರು ಹೊರಡಲೇಬೇಕಿತ್ತು. ಮಗಳು ಹೆತ್ತು ಹನ್ನೆರಡು ದಿನವಾಗಿತ್ತು, ಮೊಮ್ಮಗಳ ಮುಖ ಇನ್ನೂ ನೋಡಿರಲಿಲ್ಲ. ಐದೂವರೆಯ ಬಸ್ಸಿನ ಟಿಕೆಟ್ಟು ಜೇಬಿನಲ್ಲಿತ್ತು. ಅದು ತಪ್ಪಿದರೆ ಮುಂದಿನ ಬಸ್ಸು ಮಾರನೆಯ ದಿನವೇ.

ಗಾಬರಿಯಲ್ಲಿ ಒಂದು ಕೀಲಿ ಒತ್ತಿದರು. “ಪ್ರಶ್ನೆ ಒಂದು. ಮಣ್ಣಿನ ಸವಕಳಿಗೆ ಕಾರಣಗಳೇನು?” ಎಂದಿತು ಯಂತ್ರ. ಅಯ್ಯಯ್ಯೋ ಎಂದು ಇನ್ನೊಂದನ್ನು ಒತ್ತಿದರು. ಎರಡನೆಯ ಪ್ರಶ್ನೆ ಹೊರಬಿತ್ತು. ಮೂರನೆಯದೂ ಹೊರಬಿದ್ದ ಮೇಲೆ ಮೇಷ್ಟ್ರು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು.

ಕಿಟಕಿಯಾಚೆ ಅಲ್ಲಿಯತನಕ ಕೇಳಿಸುತ್ತಿದ್ದ ಚೆಂಡಾಟದ ಗದ್ದಲ ತಟ್ಟನೆ ನಿಂತುಹೋಯಿತು.

“ಆಫ್ ಮಾಡ್ರೀ ಅದನ್ನ!” ಲೆಕ್ಕದ ಮೇಷ್ಟ್ರು ತಿದ್ದುತ್ತಿದ್ದ ಕಾಗದ ಬಿಟ್ಟು ಓಡಿಬಂದರು.

“ಆಫ್ ಮಾಡಿದ್ರೆ ಬೆಳಿಗ್ಗೆಯಿಂದ ಎರಡು ಬೆರಳಲ್ಲಿ ಕುಟ್ಟಿದ್ದೆಲ್ಲ ಹೋಗುತ್ತೆ. ಸೇವ್ ಮಾಡಿಲ್ಲ.”

“ಮಾಡಿ ಮತ್ತೆ!”

“ಅದನ್ನ ಯಾವಾಗ್ಲೂ ಆಫೀಸಿನವರೇ ಮಾಡಿಕೊಡ್ತಾರೆ. ಅವರಿವತ್ತು ರಜ. ನಿಮಗೆ ಬರುತ್ತಾ?”

ಲೆಕ್ಕದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ದನಿ ತಗ್ಗಿಸೋಣವೆಂದರೆ ಅದರ ಗುಂಡಿ ಶಾಲೆಯ ನಾಟಕದ ದಿನವೇ ಕಿತ್ತುಹೋಗಿತ್ತು. ತಮ್ಮ ಕೋಟು ಬಿಚ್ಚಿ ಯಂತ್ರದ ಮುಖಕ್ಕೆ ಹೊದಿಸಿದರು. ತೋಳು ಯಾವುದೋ ಕೀಲಿಗೆ ತಾಗಿ ಅದು ಕೋಟಿನೊಳಗಿಂದಲೇ, ನೆಗಡಿ ಹಿಡಿದವರ ಹಾಗೆ, “ಪ್ರಶ್ನೆ ನಾಲ್ಕು” ಎಂದಿತು.

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಬಂದರು. ಯಾವ ತೊಂದರೆಯಾದರೂ ತೋಳ್ಬಲದಿಂದ ಬಗೆಹರಿಯುತ್ತದೆಂದು ನಂಬಿದ ಜೀವ. “ಕಿಟಕಿ ಮುಚ್ಚಿದ್ರಾಯ್ತು, ಅದಕ್ಯಾಕೆ ಇಷ್ಟು ರಾದ್ಧಾಂತ?” ಎಂದು ಹಿಡಿಕೆ ಜಗ್ಗಿದರು. ಹಿಡಿಕೆ ಕೈಗೆ ಬಂತು, ಕಿಟಕಿ ಇದ್ದಲ್ಲೇ ಇತ್ತು. ಆಚೆ ಇಣುಕಿ ಸೀಟಿ ಊದಿದರು. ಮಕ್ಕಳು ವರ್ಷವಿಡೀ ಕಲಿಯದ ಶಿಸ್ತನ್ನು ಆಗ ತೋರಿಸಿ, ಕಿಟಕಿಯ ಕೆಳಗೆ ಸಾಲಾಗಿ ಕೂತುಬಿಟ್ಟವು.

“ಒಂದು ಉಪಾಯ ಇದೆ,” ಎಂದು ಲೆಕ್ಕದ ಮೇಷ್ಟ್ರು ಪಿಸುಗುಟ್ಟಿದರು. “ನಾಲ್ಕು ಪ್ರಶ್ನೆ ಹೋಗಿದೆ ತಾನೇ? ಇನ್ನೊಂದಷ್ಟು ಸುಳ್ಳು ಪ್ರಶ್ನೆ ಸೇರಿಸಿ. ಯಾವುದು ನಿಜ, ಯಾವುದು ಸುಳ್ಳು, ಆ ಮಕ್ಕಳಿಗೆ ತಲೆಬುಡ ಗೊತ್ತಾಗಬಾರದು.”

ಮುಳುಗುವವರಿಗೆ ಅಷ್ಟೇ ಸಾಕಾಯಿತು. ಭೂಗೋಳದ ಮೇಷ್ಟ್ರು ಕೋಟು ಸರಿಸಿ ಟೈಪ್ ಮಾಡತೊಡಗಿದರು. ಯಂತ್ರ ಅಕ್ಷರ ಅಕ್ಷರವನ್ನೂ ಕೂಗಿ, ಸಾಲು ಮುಗಿದ ಮೇಲೆ ಇಡೀ ಸಾಲನ್ನು ಮತ್ತೊಮ್ಮೆ ಓದಿತು:

“ಎರಡು ದೇಶಗಳ ಗಡಿಯ ಮೇಲೆ ಒಂದು ಮೋಡ ನಿಂತಿದೆ. ಮಳೆ ಯಾರದು? ಕಾರಣ ಕೊಡಿ.”

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರಿಗೆ ಹುರುಪು ಬಂತು.

“ಪರ್ವತ ಹುಟ್ಟುವಾಗಲೇ ಎತ್ತರವಿತ್ತೇ, ಆಮೇಲೆ ಬೆಳೆಯಿತೇ? ನಕ್ಷೆ ಬರೆದವನು ಮೊದಲು ಎಲ್ಲಿ ನಿಂತುಕೊಂಡ? ಭೂಮಿ ಒಂದು ಗಂಟೆ ಸುತ್ತದೆ ನಿಂತರೆ ಮೊದಲು ದೂರು ಕೊಡುವವರು ಯಾರು?”

ಇಪ್ಪತ್ತಾರು ವರ್ಷದ ಸೇವೆಯಲ್ಲಿ ಪ್ರಶ್ನೆಪತ್ರಿಕೆ ಮಾಡುವುದು ಇಷ್ಟು ಖುಷಿಯ ಕೆಲಸವೆಂದು ಅವರಿಗೆ ಗೊತ್ತೇ ಇರಲಿಲ್ಲ. ಬಸ್ಸನ್ನೂ ಮರೆತು ಒಂದಾದ ಮೇಲೊಂದರಂತೆ ಒಟ್ಟು ಹತ್ತು ಪ್ರಶ್ನೆ ಕುಟ್ಟಿದರು.

ಪಾಠ ಮುಗಿಸಿ ಬಂದ ಸಂಗೀತದ ಟೀಚರು ಬಾಗಿಲಲ್ಲೇ ನಿಂತು ನೋಡಿದರು. “ಇದ್ಯಾಕೆ ಇಷ್ಟೊಂದು ಕಿರುಚಿಸ್ತಿದ್ದೀರಾ?” ಎಂದು ಬಂದು ಕಂಟ್ರೋಲ್, ವಿಂಡೋಸ್, ಎಂಟರ್, ಮೂರನ್ನೂ ಒಟ್ಟಿಗೆ ಒತ್ತಿದರು. ಯಂತ್ರ ಗಪ್‌ಚುಪ್ಪಾಯಿತು. ಇನ್ನೆರಡು ಕೀಲಿ ಒತ್ತಿ ಪತ್ರಿಕೆಯನ್ನು ಸೇವ್ ಕೂಡ ಮಾಡಿದರು.

“ನಿಮಗೆ ಹೇಗೆ ಗೊತ್ತು?”

“ನಮ್ಮಪ್ಪನಿಗೆ ಕಣ್ಣು ಕಾಣಲ್ಲವಲ್ಲ. ದಿನಾ ಪೇಪರು, ಪತ್ರ ಎಲ್ಲ ಇದರಲ್ಲೇ ಓದಿಸ್ಕೋತಾರೆ. ಅವರಿಗೆ ಇದು ನನಗಿಂತ ಹತ್ತಿರದ ಮಗಳು.”

ಭೂಗೋಳದ ಮೇಷ್ಟ್ರಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಗಂಟೆ ನಾಲ್ಕಕ್ಕೆ ಐದು ನಿಮಿಷ. ಸುಳ್ಳು ಪ್ರಶ್ನೆಗಳನ್ನು ಅಳಿಸಿ, ಮುದ್ರಿಸಿ, ಕೊಟ್ಟು ಓಡಿದರೆ ಮುಗಿಯಿತು. ಹಿಂದೆ ಯಾರೋ ಕೆಮ್ಮಿದರು. ಹೆಡ್ ಮೇಡಂ!

“ನನ್ನ ಕೋಣೆ ಪಕ್ಕದ್ದೇ ಅನ್ನೋದು ಮರೆತುಬಿಟ್ರಾ? ಎಲ್ಲಾ ಕೇಳಿಸ್ತು.”

“ಮೇಡಂ, ಅಟ್ಲಾಸು...” ಮೇಷ್ಟ್ರು ಅದನ್ನು ಎತ್ತಿ ತೋರಿಸಿದರು.

“ಮೊದಲ ನಾಲ್ಕು ಹೊರಗೆ ಹೋಗಿದ್ದಕ್ಕೆ ಚಿಂತೆ ಇಲ್ಲ. ಆರು ವರ್ಷದಿಂದ ಅವನ್ನೇ ಕೇಳ್ತಿದ್ದೀರಿ, ಗೇಟು ಕಾಯೋರಿಗೂ ಬಾಯಿಪಾಠ ಆಗಿದೆ.” ಮೇಡಂ ನಕ್ಕರು. ಅವರು ನಕ್ಕಿದ್ದನ್ನು ಆ ಕೋಣೆ ಕಂಡಿರಲಿಲ್ಲ. “ಆದ್ರೆ ಆಮೇಲಿನ ಹತ್ತು! ಮಕ್ಕಳು ಯೋಚನೆ ಮಾಡೋ ಅಂಥ ಪ್ರಶ್ನೆ ಕೊನೆಗೂ ಕೇಳಿದ್ರಲ್ಲ. ನಾಳೆಗೆ ಆ ಹತ್ತೇ ಇರಲಿ.”

“ಮಕ್ಕಳೆಲ್ಲ ಕೇಳಿಸ್ಕೊಂಡಿದ್ದಾರೆ ಮೇಡಂ!”

“ಕೇಳಿಸ್ಕೊಳ್ಳಲಿ. ಯಾವ ಗೈಡಲ್ಲಿ ಉತ್ತರ ಹುಡುಕ್ತಾರೆ? ತಿದ್ದೋರಿಗೆ ಮಾದರಿ ಉತ್ತರ ಬರೆದಿಟ್ಟು ಆರಾಮಾಗಿ ಹೊರಡಿ. ನಿಮಗೆ ಹತ್ತು ನಿಮಿಷದ ಕೆಲಸ.”

ಮೇಡಂ ಹೋದರು. ಲೆಕ್ಕದ ಮೇಷ್ಟ್ರು ಸದ್ದಿಲ್ಲದೆ ಕೋಟು ತೆಗೆದುಕೊಂಡು ಜಾಗ ಖಾಲಿ ಮಾಡಿದರು. ಡ್ರಿಲ್ ಮೇಷ್ಟ್ರು ಕಿಟಕಿಯ ಹಿಡಿಕೆಯನ್ನು ಮೇಜಿನ ಮೇಲಿಟ್ಟು ಹಿಂದೆಯೇ ನಡೆದರು. ಭೂಗೋಳದ ಮೇಷ್ಟ್ರು ಖಾಲಿ ಹಾಳೆಯ ಮುಂದೆ ಕೂತರು. ಮಳೆ ಯಾರದು? ಅವರಿಗೆ ಗೊತ್ತಿರಲಿಲ್ಲ. ಉಳಿದ ಒಂಬತ್ತೂ ಗೊತ್ತಿರಲಿಲ್ಲ. ಗಂಟೆ ನಾಲ್ಕೂವರೆಯಾಯಿತು.

ಆಗ ಕಿಟಕಿಯ ಕೆಳಗಿಂದ ಒಬ್ಬ ಹುಡುಗಿಯ ಮಾತು ತೇಲಿಬಂತು. “ಮಳೆ ಎರಡು ದೇಶದ್ದೂ ಅಲ್ಲ ಕಣೇ. ಮೋಡ ಯಾವ ಸಮುದ್ರದಿಂದ ಎದ್ದು ಬಂತೋ ಆ ಸಮುದ್ರದ್ದು. ಇವರು ಬರೀ ಸಾಲ ತಗೊಂಡಿರೋದು. ನದಿ ಅದನ್ನ ವಾಪಸ್ ಕೊಟ್ಟುಬರುತ್ತೆ.”

ಎಂಥ ಉತ್ತರ! ಮೇಷ್ಟ್ರು ಹಾಳೆ ಹಿಡಿದು ತುದಿಗಾಲಲ್ಲಿ ಕಿಟಕಿಯ ಮಗ್ಗುಲಿಗೆ ಹೋಗಿ ಗೋಡೆಗೆ ಒರಗಿ ಬರೆದುಕೊಂಡರು.

“ಪರ್ವತದ್ದು ಹೇಳು,” ಎಂದಿತು ಇನ್ನೊಂದು ದನಿ.

“ಅದು ಇನ್ನೂ ಸುಲಭ. ಪರ್ವತ...”

ಮೇಷ್ಟ್ರು ಸರಿಯಾಗಿ ಕೇಳಿಸಿಕೊಳ್ಳಲು ಸ್ವಲ್ಪ ಬಗ್ಗಿದರು. ಬೋಳುತಲೆ ಕಿಟಕಿಯಲ್ಲಿ ಮೂಡಿತು.

“ಶ್! ಮೇಷ್ಟ್ರು ಬರ್ಕೋತಿದ್ದಾರೆ ಕಣ್ರೇ! ಯಾರೂ ತುಟಿ ಬಿಚ್ಚಬೇಡಿ. ಉತ್ತರ ಇವತ್ತೇ ಹೊರಗೆ ಹೋದ್ರೆ ನಾಳೆ ಪರೀಕ್ಷೆ ಕ್ಯಾನ್ಸಲ್ ಮಾಡ್ತಾರೆ!”

ಇಡೀ ಸಾಲು ಎದ್ದು, ಮಣ್ಣು ಕೊಡವಿಕೊಂಡು, ಚೆಂಡು ಎತ್ತಿಕೊಂಡು ಮನೆಗೆ ಹೋಯಿತು.

ಐದೂವರೆಯ ಬಸ್ಸು ಹೊರಟುಹೋದ ಮೇಲೆ ಮೇಷ್ಟ್ರು ಮಗಳಿಗೆ ಫೋನ್ ಮಾಡಿದರು. ಆ ಕಡೆಯಿಂದ ಮೊಮ್ಮಗಳು ಕುಂಯ್‌ಗುಟ್ಟಿದ್ದು ಕೇಳಿ ಕಣ್ಣು ತುಂಬಿ ಬಂತು.

“ನಾಳೆ ಬರ್ತೀನಿ ಕಣಮ್ಮಾ,” ಎಂದರು. “ಅದಿರ್ಲಿ, ಈ ಪರ್ವತ ಹುಟ್ಟುವಾಗಲೇ ಎತ್ತರ ಇತ್ತಾ, ಆಮೇಲೆ ಬೆಳೀತಾ? ನಿಂಗೇನಾದ್ರೂ ಗೊತ್ತಾ?”