ಲೀನವ್ವ ಊರಾಗಿಲ್ಲ

ಸರ್ಕಾರಿ ಕಚೇರಿ ಎಂದರೆ ಕೆಲವರಿಗೆ ಭಯ, ಕೆಲವರಿಗೆ ಸಿಟ್ಟು. ನನಗೆ ಬರುವುದು ಸುಸ್ತು. ಭಯಪಡುವುದಕ್ಕೂ ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು, ಅದು ನನಗೆ ಕಚೇರಿಯ ಮೆಟ್ಟಿಲು ಕಂಡ ಕೂಡಲೇ ಇಳಿದುಹೋಗುತ್ತದೆ. ಒಂದು ದೇಶದ ಪ್ರಜೆಯಾಗುವುದು ಇಷ್ಟು ದಣಿವಿನ ಕೆಲಸ ಎಂದು ನನಗೆ ಮೊದಲು ಗೊತ್ತಿರಲಿಲ್ಲ, ಯಾಕೆಂದರೆ ನಾನು ಅದನ್ನು ಹುಟ್ಟಿದ ದಿನವೇ ಮುಗಿಸಿಬಿಟ್ಟಿದ್ದೆ. ಕಂಪ್ಲಿಯಲ್ಲಿ ಹುಟ್ಟಿದೆ, ಊರಿಗೆಲ್ಲ ಕೇಳುವ ಹಾಗೆ ಅತ್ತೆನಂತೆ, ಅಷ್ಟಕ್ಕೇ ಭಾರತೀಯನಾದೆ. ಯಾರೂ ನನ್ನ ನಡತೆ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ನಮ್ಮಪ್ಪನ ಅಕ್ಕಿ ಗಿರಣಿಯ ಹಮಾಲರು ಒಕ್ಕೊರಲಿನಿಂದ ಬ್ಯಾಡ ಎನ್ನುತ್ತಿದ್ದರು. ನನ್ನ ಹೆಂಡತಿಗೆ ಈ ಅನುಕೂಲ ಇರಲಿಲ್ಲ. ಅವಳು ಹುಟ್ಟಿದ್ದು ಬೆಲ್ಜಿಯಂನಲ್ಲಿ.

ಲೀನಾ ಹಂಪಿಯ ಕಲ್ಲುಗಳ ಚಿತ್ರ ಬರೆಯಲು ಬಂದವಳು. ನಾನು ಹೊಸಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಕಡ್ಡಿರಾಂಪುರದಲ್ಲಿ ಅವಳು ಬಾಡಿಗೆಗಿದ್ದ ಮನೆಯ ಬೋರಿನ ಮೋಟರು ಸುಟ್ಟಿತು. ನಾನು ಹೋಗಿ ರಿಪೇರಿ ಮಾಡಿದೆ. ಅದು ಮತ್ತೆ ಸುಟ್ಟಿತು, ನಾನು ಮತ್ತೆ ಹೋದೆ. ಮೂರನೆಯ ಸಲ ಮೋಟರು ಸರಿಯಾಗಿಯೇ ಇತ್ತು, ಆದರೂ ಹೋದೆ. ಕೆಟ್ಟ ಕೆಲಸಗಾರನಿಗೆ ಇಂಥ ಲಾಭವೂ ಉಂಟು. ಮದುವೆಯಾದ ಮೇಲೆ ಅವಳನ್ನು ಹೊಸಪೇಟೆಗೆ ಕರೆದುಕೊಂಡು ಬರಬೇಕೆಂದಿದ್ದೆ. ಪಕ್ಕದ ಮನೆಯ ಹುಲಿಗೆವ್ವನನ್ನು ಬಿಟ್ಟು ಎಲ್ಲಿಗೂ ಬರುವುದಿಲ್ಲ ಎಂದಳು. ಹೀಗಾಗಿ ನಾನೇ ಗಂಟುಮೂಟೆ ಕಟ್ಟಿಕೊಂಡು ಕಡ್ಡಿರಾಂಪುರ ಸೇರಿದೆ, ಅಂಗಡಿಗೆ ದಿನಾ ಬೈಕಿನಲ್ಲಿ ಓಡಾಡಿಕೊಂಡಿದ್ದೇನೆ. ಅವಳ ಕನ್ನಡವೆಲ್ಲ ಹುಲಿಗೆವ್ವನ ಅಡುಗೆಮನೆಯಲ್ಲಿ ಕಲಿತದ್ದು. ಊರವರು ಅವಳನ್ನು ಲೀನವ್ವ ಎನ್ನುತ್ತಾರೆ.

ಇಷ್ಟಾದರೂ ಅವಳಿಗೆ ಒಂದು ಕೊರಗು ಇತ್ತು. ಯಾರ ಮನೆಗೆ ಹೋದರೂ ಎಲ್ಲರೂ ಚಾಪೆಯ ಮೇಲೆ ಕೂತಿದ್ದರೆ ಇವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಬರುತ್ತಿತ್ತು, ಇಲ್ಲದಿದ್ದರೆ ಪಕ್ಕದ ಮನೆಯಿಂದ ತರುತ್ತಿದ್ದರು. ಅತ್ತ ಸರ್ಕಾರವೂ ಹಾಗೆಯೇ, ವೀಸಾ ಮುಗಿಯುವ ಹೊತ್ತಿಗೆ ಇನ್ನೂ ಎಷ್ಟು ದಿನ ಇರುತ್ತೀರಿ ಎಂದು ಮರ್ಯಾದೆಯಿಂದಲೇ ಕೇಳುತ್ತಿತ್ತು. ಒಂದು ದಿನ ರೊಟ್ಟಿ ಹಾಕುತ್ತಾ, "ನೆಂಟಸ್ತನ ಸಾಕಾಗೇತಿ ನನಗ, ಅರ್ಜಿ ಹಾಕೂಣು," ಎಂದಳು. ನಾನು ಹೂಂ ಎಂದೆ. ಬಿಸಿ ರೊಟ್ಟಿ ತಿನ್ನುವಾಗ ನಾನು ಎಲ್ಲದಕ್ಕೂ ಹೂಂ ಎನ್ನುತ್ತೇನೆ, ಅದು ಅವಳಿಗೆ ಗೊತ್ತು.

ಅಲ್ಲಿಂದ ಶುರುವಾಯಿತು ನೋಡಿ. ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕು, ತುಂಬಿದ್ದನ್ನು ಕಾಗದದ ಮೇಲೆ ಇಳಿಸಿ ಜಿಲ್ಲಾಧಿಕಾರಿ ಕಚೇರಿಗೂ ಕೊಡಬೇಕು. ಅವಳು ಎಷ್ಟು ವರ್ಷದಿಂದ ಇಲ್ಲಿದ್ದಾಳೆ, ನಡುವೆ ಎಷ್ಟು ಸಲ ದೇಶದ ಹೊರಗೆ ಹೋಗಿದ್ದಳು ಎಂಬುದೆಲ್ಲ ಬೇಕು. ತಾಯಿಯ ಮೊಣಕಾಲಿನ ಆಪರೇಷನ್ನಿಗೆ ಹೋಗಿ ಬಂದದ್ದು ಲೆಕ್ಕಕ್ಕೆ ಅಡ್ಡ ಬರುತ್ತದೆಯೇ ಎಂದು ಅವಳಿಗೆ ಚಿಂತೆ. ಹೆಲ್ಮೆಟ್ ಇಲ್ಲದೆ ಸಂಡೂರು ರಸ್ತೆಯಲ್ಲಿ ಸಿಕ್ಕಿಬಿದ್ದು ದಂಡ ಕಟ್ಟಿದ್ದು ಅಪರಾಧವೇ, ಅಲ್ಲವೇ ಎಂದು ಇನ್ನೊಂದು ಚಿಂತೆ. ಆಗ ಗಾಡಿ ಓಡಿಸುತ್ತಿದ್ದವನು ನಾನು, ನನ್ನ ಪೌರತ್ವಕ್ಕೆ ಅದರಿಂದ ಕೂದಲೂ ಕೊಂಕಲಿಲ್ಲ. ಅಷ್ಟರಲ್ಲಿ ನನ್ನ ಅಂಗಡಿಯ ಗಿರಾಕಿಯೊಬ್ಬರು ಭಾಷೆಯ ಪರೀಕ್ಷೆ ಇರುತ್ತದೆ ಎಂದು ಹೆದರಿಸಿದರು. ಲೀನಾ ಒಂದು ತಿಂಗಳು ಕೂತು ಒತ್ತಕ್ಷರ ತಿದ್ದಿದಳು. ಆಮೇಲೆ ವಿಚಾರಿಸಿದರೆ, ಆ ನಿಯಮ ಬೇರೆಯವರಿಗಂತೆ, ಇಲ್ಲಿಯವರನ್ನು ಮದುವೆಯಾದವರಿಗೆ ಅಲ್ಲವಂತೆ. ಗಂಡನ ಜೊತೆ ಇಷ್ಟು ವರ್ಷ ಬಾಳಿದ್ದನ್ನೇ ಸರ್ಕಾರ ಪರೀಕ್ಷೆ ಎಂದು ಹಿಡಿದಿರಬೇಕು.

ಎಲ್ಲಕ್ಕಿಂತ ದೊಡ್ಡ ಚಿಂತೆ ಮಾತ್ರ ಹಳೆಯ ದೇಶದ್ದು. ನಮ್ಮಲ್ಲಿ ಎರಡು ದೇಶಗಳ ಪ್ರಜೆಯಾಗಿರಲು ಬರುವುದಿಲ್ಲ. ಇದು ಬೇಕೆಂದರೆ ಅದನ್ನು ಬಿಡಬೇಕು. ಊರಲ್ಲಿ, ಪೇಟೆಯಲ್ಲಿ, ಸಿಕ್ಕವರೆಲ್ಲ ನನಗೆ ಹೇಳಿದ್ದು ಒಂದೇ ಮಾತು: ತಲೆ ಕೆಟ್ಟಿದೆಯೇನಯ್ಯಾ, ಅವಳನ್ನು ಇಲ್ಲಿಗೆ ಬರೆಸಿಕೊಳ್ಳುವ ಬದಲು ನೀನೇ ಅಲ್ಲಿಗೆ ಬರೆಸಿಕೊಳ್ಳಬಾರದೇ? ಉತ್ತರ ಹೇಳಿ ಹೇಳಿ ನನ್ನ ಬಾಯಿ ನೊಂದಿತು. ಲೀನಾ ತಾಯಿಗೆ ಫೋನು ಮಾಡಿ ವಿಷಯ ತಿಳಿಸಿದ ದಿನ ಅತ್ತ ತಾಯಿ, ಇತ್ತ ಮಗಳು ಇಬ್ಬರೂ ಅತ್ತರು. ಕೊನೆಗೆ ತಾಯಿ ಆಗಲಿ ಎಂದರಂತೆ. ನನಗೆ ಚಿಂತೆ ಶುರುವಾದದ್ದು ಆವತ್ತೇ. ತಾಯಿಯನ್ನು ಅಳಿಸಿ ಕೇಳಿದ್ದನ್ನು ಈ ದೇಶ ಕೊಡದೇ ಹೋದರೆ ಇವಳ ಮುಖ ನೋಡುವುದು ಹೇಗೆ?

ಅರ್ಜಿ ಕೊಟ್ಟು, ಕಾದು, ಕಾಯುತ್ತಿರುವುದನ್ನೇ ನಾವು ಮರೆಯುತ್ತಾ ಬಂದಿದ್ದಾಗ ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬರು ಬಂದರು. ಇನ್ ಶರ್ಟ್, ಕೈಯಲ್ಲಿ ಫೈಲು. ಲೀನಾಳ ಅರ್ಜಿಯ ವಿಚಾರಣೆಗೆ ಬಂದ ಅಧಿಕಾರಿ ಎಂದು ಗೊತ್ತಾಗಿ ನಾನು ಸ್ಟೂಲು ಒರೆಸಿ ಕೊಟ್ಟೆ. ಅವರು ಕೂರಲಿಲ್ಲ. "ನಿಮ್ಮ ಮನೆಯವರು ದೇಶ ಬಿಟ್ಟು ಭಾಳ ವರ್ಷ ಆತಂತಲ್ರಿ?" ಎಂದರು. ಬೆಳಿಗ್ಗೆ ನನಗೆ ಉಪ್ಪಿಟ್ಟು ಹಾಕಿಕೊಟ್ಟವರು ಯಾರು ಎಂದು ನಾನು ಒಂದು ಕ್ಷಣ ನಿಜಕ್ಕೂ ಯೋಚಿಸಿದೆ.

ಆದದ್ದು ಇಷ್ಟು. ಅವರು ಕಡ್ಡಿರಾಂಪುರಕ್ಕೆ ಹೋಗಿ ರಸ್ತೆ ಬದಿಯ ಪಂಪಣ್ಣನ ಹೋಟೆಲಿನಲ್ಲಿ ಚಹಾ ಕುಡಿದು, ಇಲ್ಲಿ ವಿದೇಶದ ಹೆಣ್ಣುಮಗಳೊಬ್ಬರು ಇದ್ದಾರಲ್ಲ, ಎಲ್ಲಿ ಎಂದು ಕೇಳಿದ್ದಾರೆ. ಪಂಪಣ್ಣ ಅವರ ಬೂಟು ನೋಡಿದ್ದಾನೆ. ನಮ್ಮ ಊರಿನಲ್ಲಿ ಒಂದು ಪದ್ಧತಿ ಇದೆ. ಬೂಟು ಹಾಕಿದವರು ಬಂದು ಊರವರ ಹೆಸರು ಹಿಡಿದು ಕೇಳಿದರೆ, ಆ ಮನುಷ್ಯ ಎದುರಿಗೇ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರೂ, ಊರಾಗಿಲ್ಲ ಎನ್ನಬೇಕು. ಯಾಕೆ, ಏನು ಎಂದು ವಿಚಾರಿಸುವುದೆಲ್ಲ ಆಮೇಲೆ. ಲೀನವ್ವ ಯಾವತ್ತೋ ತನ್ನ ದೇಶಕ್ಕೆ ಹೋದಳು ಎಂದು ಪಂಪಣ್ಣ ಹೇಳಿದ. ಅಧಿಕಾರಿ ಅಷ್ಟಕ್ಕೆ ಬಿಡದೆ ಮನೆಯವರೆಗೂ ಹೋದರು. ನಮ್ಮ ಮನೆಗೆ ಬೀಗ, ಪಕ್ಕದ ಕಟ್ಟೆಯ ಮೇಲೆ ಹುಲಿಗೆವ್ವ. ಅವಳು ಬರೀ ಹೋದಳು ಎನ್ನಲಿಲ್ಲ. ಹೋಗುವಾಗ ನನ್ನನ್ನು ತಬ್ಬಿಕೊಂಡು ಅತ್ತಳು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ಆ ಹೊತ್ತಿಗೆ ಲೀನಾ ಹುಲಿಗೆವ್ವನ ಮನೆಯ ಒಳಗೇ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನಲ್ಲಿ ಅವಳಿಗೆ ಹೊರಗಿನ ಮಾತು ಕೇಳಿಸಿಲ್ಲ.

ಅರ್ಜಿದಾರರು ಇಲ್ಲಿ ವಾಸವಿಲ್ಲ ಎಂದು ವರದಿ ಬರೆಯುವುದೊಂದೇ ಬಾಕಿ ಎಂದರು ಅಧಿಕಾರಿ. ಬರೆದರೆ ಅರ್ಜಿ ಅಲ್ಲಿಗೆ ಮುಗಿಯಿತು. ಸುಳ್ಳು ಹೇಳಿ ಅರ್ಜಿ ಹಾಕಿದಳು ಎಂಬ ಹೆಸರು ಬೇರೆ ಅಂಟಿಕೊಂಡರೆ ಮುಂದೆ ವೀಸಾಕ್ಕೂ ಸಂಚಕಾರ. ಒಂದು ಸಲ ನನ್ನ ಜೊತೆ ಬನ್ನಿ ಎಂದು ಬೇಡಿಕೊಂಡೆ. ಊಟದ ಹೊತ್ತು ಮೀರಿದ್ದ ಅವರು ನಿಟ್ಟುಸಿರು ಬಿಟ್ಟು ಒಪ್ಪಿದರು. ನನ್ನಷ್ಟೇ ಸುಸ್ತಾದ ಒಬ್ಬ ಮನುಷ್ಯ ಸರ್ಕಾರದ ಆ ಕಡೆಯಲ್ಲೂ ಇದ್ದಾನೆ ಎಂದು ನನಗೆ ಆಗಲೇ ತಿಳಿದದ್ದು.

ಹೋದರೆ ಹುಲಿಗೆವ್ವ ಕಟ್ಟೆ ಬಿಟ್ಟು ಕದಲಿರಲಿಲ್ಲ. ಬೂಟಿನವರು ನನ್ನನ್ನೂ ಕರೆದುಕೊಂಡು ಬಂದದ್ದು ನೋಡಿ ಅವಳು ಮಾತಿಗೆ ಇನ್ನಷ್ಟು ಬಣ್ಣ ಹಚ್ಚಿದಳು. ಪಾಪ, ಈ ಗಂಡನನ್ನು ಬಿಟ್ಟು ಹೋಗಿದ್ದಾಳೆ, ಅವತ್ತಿನಿಂದ ಇವನಿಗೆ ತಲೆ ನೆಟ್ಟಗಿಲ್ಲ, ಇನ್ನೂ ಮನೆಯಲ್ಲೇ ಇದ್ದಾಳೆ ಎಂದುಕೊಂಡಿದ್ದಾನೆ ಎಂದಳು. ಅಧಿಕಾರಿ ನನ್ನನ್ನು ಒಂದು ತರಹ ನೋಡಿದರು. ಅಷ್ಟರಲ್ಲಿ ಒಳಗಿನಿಂದ, ಮೊಣಕೈವರೆಗೂ ಜೋಳದ ಹಿಟ್ಟು ಮೆತ್ತಿಕೊಂಡು, ದೇಶ ಬಿಟ್ಟುಹೋಗಿದ್ದ ನನ್ನ ಹೆಂಡತಿ ಯಾರು ಬಂದದ್ದು ಎಂದು ಕೇಳುತ್ತಾ ಬಾಗಿಲಿಗೆ ಬಂದಳು.

ಹುಲಿಗೆವ್ವ ಸುಳ್ಳು ಸಿಕ್ಕಿಬಿದ್ದಿತೆಂದು ನಾಚಲಿಲ್ಲ. ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಆಕಿ ಏನು ತಪ್ಪು ಮಾಡ್ಯಾಳ ಅದನ್ನ ಮೊದಲ ಹೇಳ್ರಿ. ಆಮ್ಯಾಲ ಕರಕೊಂಡು ಹೋಗೂದು," ಎಂದಳು.

ಅಧಿಕಾರಿ ಕಟ್ಟೆಯ ಮೇಲೆ ಕೂತರು. ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕರಕೊಂಡು ಹೋಗಾಕ ಬಂದಿಲ್ಲವ್ವ. ಇಲ್ಲೇ ಇಟ್ಕೊಳ್ಳಾಕ ಬಂದೀನಿ," ಎಂದರು.

ಅದು ಹುಲಿಗೆವ್ವನ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ, ಲೀನವ್ವ ಒಂದು ದಿನವೂ ಊರು ಬಿಟ್ಟವಳಲ್ಲ ಎಂದು ಶುರುಮಾಡಿದಳು. ಆಪರೇಷನ್ನಿಗೆ ಹೋಗಿದ್ದನ್ನು ನಾನೇ ಮಧ್ಯೆ ಬಾಯಿ ಹಾಕಿ ನೆನಪಿಸಬೇಕಾಯಿತು. ಅಧಿಕಾರಿ ಎಲ್ಲವನ್ನೂ ಹೊಸದಾಗಿ ಬರೆದುಕೊಂಡರು, ಶೇಂಗಾ ಚಟ್ನಿಯ ಜೊತೆ ರೊಟ್ಟಿ ಉಂಡರು, ಹೊರಟರು. ಅರ್ಜಿ ಈಗ ದೆಹಲಿಯಲ್ಲಿದೆ. ಅಲ್ಲಿ ಪಂಪಣ್ಣ ಇಲ್ಲ ಎಂಬುದೇ ಸಮಾಧಾನ.

ಆವತ್ತು ಸಂಜೆ ನಾನು ತಲೆನೋವಿನ ಗುಳಿಗೆ ನುಂಗಿ ಮಲಗಿದ್ದರೆ ಲೀನಾ ಮನೆ ತುಂಬ ಓಡಾಡುತ್ತಿದ್ದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ಸ್ವಲ್ಪದರಲ್ಲಿ ಎಲ್ಲ ಹಾಳಾಗುತ್ತಿತ್ತು, ನಿನಗೆ ನಗು ಹೇಗೆ ಬರುತ್ತದೆ ಎಂದು ರೇಗಿದೆ. "ಫಾರಿನ್ನಾಕಿ ಅಂದ್ಕೊಂಡಿದ್ರ ಮನಿತನಕ ಬಂದು ತೋರಿಸಿ ಹೋಗ್ತಿದ್ರು. ತಮ್ಮಾಕಿ ಅಂತ ಮುಚ್ಚಿಟ್ಟಾರ," ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಗೋಡೆಯ ಕಡೆ ಹೊರಳಿ, ಇನ್ನೊಂದು ಗುಳಿಗೆ ಕೊಡು ಎಂದೆ.

ಮಾರನೆಯ ದಿನ ಪಂಪಣ್ಣನಿಗೆ ಬೈಯಬೇಕೆಂದು ಹೋದೆ, ಚಹಾ ಕುಡಿಯುತ್ತಾ ನಿಂತೆ. ಒಂದು ವಿಷಯ ಮಾತ್ರ ಅರ್ಥವಾಗದೆ ಕೇಳಿದೆ. ಆ ಅಧಿಕಾರಿ ಇಷ್ಟು ದೊಡ್ಡ ಹೊಸಪೇಟೆಯಲ್ಲಿ ಸಂದಿಯೊಳಗಿನ ನನ್ನ ಅಂಗಡಿಯನ್ನು ಸೀದಾ ಹುಡುಕಿಕೊಂಡು ಬಂದದ್ದು ಹೇಗೆ? ಪಂಪಣ್ಣ ಮಿರ್ಚಿ ತಿರುವಿ ಹಾಕುತ್ತಾ ತಾನೇ ದಾರಿ ಹೇಳಿದೆ ಎಂದ. ಗಂಡ ಎಲ್ಲಿ ಎಂದು ಕೇಳಿದರಂತೆ. ಎಷ್ಟು ಹೊತ್ತಿಗೆ ಅಂಗಡಿ ತೆಗೆಯುತ್ತೇನೆ, ಊಟಕ್ಕೆ ಎಲ್ಲಿಗೆ ಹೋಗುತ್ತೇನೆ, ಬೈಕಿನ ಬಣ್ಣ ಯಾವುದು ಎಂದು ಎಲ್ಲವನ್ನೂ ಬಿಡಿಸಿ ಹೇಳಿದನಂತೆ. ಬೂಟು ನೋಡಿದ ಮೇಲೂ ಹೇಳಿದೆಯಾ ಎಂದೆ. ನೋಡಿದ ಮೇಲೇ ಹೇಳಿದೆ ಎಂದ. ಅವಳು ಊರಾಗಿಲ್ಲ ಅಂದವನು ನನ್ನನ್ನು ಯಾಕೆ ಹಿಡಿದುಕೊಟ್ಟೆ ಎಂದು ಕೇಳಿದೆ.

ಪಂಪಣ್ಣನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. ಮಿರ್ಚಿ ಎತ್ತುವ ಜಾಲರಿ ಸೌಟು ಹಿಡಿದುಕೊಂಡೇ ಒಂದು ಕ್ಷಣ ನನ್ನ ಮುಖ ನೋಡಿದ.

"ನೀವು ಕಂಪ್ಲಿಯೋರಲ್ಲೇನ್ರಿ," ಎಂದ. ಆಮೇಲೆ ಅಂಗಡಿಯ ಒಳಗೆ ಕೈ ತೋರಿಸಿ, "ಯಾಕ ನಿಂತೀರಿ, ಕುರ್ಚಿ ಹಾಕಿಸ್ತೀನಿ, ಕುಂದರ್ರಿ," ಎಂದು ಉಪಚಾರ ಮಾಡಿದ.