ಹತ್ತೊಂಬತ್ತು ಪರದೆ

ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಬಲ್ಲೆನೆಂಬ ಹೆಮ್ಮೆ ನನಗೆ ಮೊದಲಿನಿಂದಲೂ ಇದೆ. ಮೂರು ಭಾಷೆ ಬಲ್ಲವಳು ಮೂರು ಪಟ್ಟು ತಪ್ಪನ್ನೂ ಮಾಡಬಲ್ಲಳೆಂದು ಕಾನ್ವೆಂಟಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಸಿಕಂದರಾಬಾದಿನಿಂದ ಮದುವೆಯಾಗಿ ಕೊಪ್ಪಳಕ್ಕೆ ಬರುವಾಗ ನನ್ನ ಜೊತೆ ಒಂದು ಗಿಟಾರೂ ಬಂತು. ಅತ್ತೆಯವರು ಅದನ್ನು ‘ಸೊಂಟ ಇರೋ ಪೆಟಗಿ’ ಎನ್ನುತ್ತಿದ್ದರು. ಅದರ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಹಿತ್ತಾಳೆ ಪಟ್ಟಿಗಳು ಸವೆದು, ತಂತಿ ಮೀಟಿದರೆ ಬಾಟಲಿಯೊಳಗೆ ಸಿಕ್ಕ ನೊಣದಂತೆ ಗುಂಯ್ಗುಡುತ್ತಿತ್ತು. ಇವರು ಮಾತ್ರ ಕಚೇರಿಯಲ್ಲಿ ಸಾಹೇಬರ ಮುಂದೆ, ‘ನಮ್ಮ ಮನ್ಯಾಕಿ ಇಂಗ್ಲಿಷ್ ಸಿತಾರ ಬಾರಸ್ತಾಳ್ರಿ’ ಎಂದು ಜಂಬ ಕೊಚ್ಚಿ ಬಂದರು. ಕೇಳಲು ಸಾಹೇಬರ ಬೇಗಂ ಶುಕ್ರವಾರ ಬರುವುದೆಂದಾಯಿತು. ಇವರ ಮರ್ಯಾದೆಯೆಲ್ಲ ನನ್ನ ಬೆರಳ ತುದಿಗೆ ಬಂತು.

ಇಕ್ಕಳ ಹಿಡಿದು ಹಳೆಯ ಪಟ್ಟಿಗಳನ್ನೆಲ್ಲ ನಾನೇ ಕಿತ್ತೆ. ಇರಕಲ್ಲಗಡದ ಅಕ್ಕಸಾಲಿ ಪತ್ತಾರರಿಂದ ಹೊಸವನ್ನು ಮಾಡಿಸಿ ಮನೆಯಲ್ಲೇ ಬಡಿದು ಕೂರಿಸುವ ಯೋಚನೆ. ಸಿತಾರಿನವರು ಈ ಪಟ್ಟಿಗೆ ಪರದಾ ಎನ್ನುತ್ತಾರಲ್ಲ, ನನ್ನ ಉರ್ದು ತೋರಿಸಲು ಅದನ್ನೇ ಚೀಟಿಯಲ್ಲಿ ಬರೆದೆ: ‘ಪರದಾ ಹತ್ತೊಂಬತ್ತು. ಒಂದಕ್ಕಿಂತ ಒಂದು ತುಸು ಉದ್ದ. ಗುರುವಾರದೊಳಗೆ.’ ಹೊರಟು ನಿಂತಿದ್ದ ಇವರ ಕೈಗೆ ಕೊಟ್ಟೆ. ಅಳತೆಯನ್ನೂ ಬರೆಯಲಿಲ್ಲ, ಯಾರಿಗೆಂದೂ ಹೇಳಲಿಲ್ಲ. ಬೇಗಂ ಬರುವ ಮನೆಗೆ ಪರದೆ ಬೇಕಾದದ್ದೇ ಎಂದುಕೊಂಡು ಇವರು ಚೀಟಿಯನ್ನು ನೇರ ದರ್ಜಿಗೆ ಕೊಟ್ಟರು.

ಗುರುವಾರ ಸಂಜೆ ಗಂಟು ಬಿಚ್ಚಿದರೆ ಹತ್ತೊಂಬತ್ತು ಹೂಬಟ್ಟೆಯ ಪರದೆಗಳು. ಮೊದಲನೆಯದು ಕೂಸಿನ ಲಂಗೋಟಿಯಷ್ಟು. ಕೊನೆಯದು ಹೊಸ್ತಿಲು ದಾಟಿ ಅಂಗಳದವರೆಗೆ. ಅತ್ತೆಯವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ‘ಮನಿಗೆ ಇರೋವು ನಾಕು ಬಾಗಲಾ. ಉಳದದ್ದು ನಾನೂ ನೀನೂ ಉಟಗೊಂಡು ಕುಂದ್ರೋಣೇನವ್ವಾ?’

ಬೇಗಂ ಬಂದರು. ಬುರ್ಖಾ ತೆಗೆದಿಟ್ಟು, ಚಹಾ ಕುಡಿದು, ಕೇಳಲು ಸಜ್ಜಾಗಿ ಕೂತರು. ನನ್ನ ತೊಡೆಯ ಮೇಲೆ ಬೋಳು ಕತ್ತಿನ ಗಿಟಾರು. ಎಲ್ಲಿ ಯಾವ ಸ್ವರವೆಂದು ತಿಳಿಯದೆ ಬೆರಳು ಜಾರಿಸುತ್ತ ಹುಡುಕಿದೆ. ಸಿಗದಿದ್ದಾಗ ಹಿಂದಕ್ಕೆ ಜಾರಿದೆ. ತಂತಿ ತವರು ನೆನೆದವಳಂತೆ ಗೋಳಾಡಿತು. ನೋಡಿದರೆ ಬೇಗಂ ಕಣ್ಣೊರೆಸಿಕೊಳ್ಳುತ್ತಿದ್ದಾರೆ! ನಾಚಿಕೆಯಿಂದ, ಇದಕ್ಕೆ ಪರದಾ ಇಲ್ಲವೆಂದು ಒಪ್ಪಿಕೊಂಡೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಅಂದರು:

‘ಪರದಾ ಇಲ್ಲಂದ್ರನ ಭಾಳ ಛಲೋ ಐತ್ರಿ ಬಾಯಾರ. ನಾ ಹೀಂಗಂದೆ ಅಂತ ಯಾರ ಮುಂದೂ ಹೇಳಬ್ಯಾಡ್ರಿ.’

ಈ ಸಲ ಪತ್ತಾರರ ಹೆಸರು, ಅಳತೆ ಎರಡನ್ನೂ ಬರೆದು ಚೀಟಿ ಕಳಿಸಿದೆ. ಮರುವಾರ ಪಟ್ಟಿಗಳು ಬಂದವು, ಬಡಿದು ಕೂರಿಸಿದೆ. ಸ್ವರ ಗಾಜಿನ ಬಳೆಯಂತೆ ಸ್ಪಷ್ಟ. ಇವರು ತುಸು ಹೊತ್ತು ಕೇಳಿ, ಮೊದಲಿನಂತಿಲ್ಲವಲ್ಲ ಎಂದರು. ನಿಜ. ಇಷ್ಟು ದಿನ ತಪ್ಪನ್ನೆಲ್ಲ ಗಿಟಾರಿನ ಮೇಲೆ ಹಾಕುತ್ತಿದ್ದೆ. ಈಗ ತಪ್ಪು ನನ್ನದೇ ಎಂದು ಓಣಿಗೆಲ್ಲ ಕೇಳಿಸುತ್ತದೆ.