ಗಾಳಿಗಿಡಕ್ಕೆ ಬಾಯಾರಿದಾಗ

ಕೊಬಾನ್ ಊರಿನಲ್ಲಿ ನೀರಿನ ವಿಷಯಕ್ಕೆ ದೋನ್ ಎವಾರಿಸ್ತೊ ಅವರದೇ ಕೊನೆಯ ಮಾತು. ಪುರಸಭೆಯ ನೀರಿನ ಕಚೇರಿಯಲ್ಲಿ ಕೂತೇ ತಲೆ ನರೆಸಿಕೊಂಡವರು. (ಅವರ ಕಾಲದಲ್ಲಿ ನಲ್ಲಿಗಳು ಬರೀ ಕೆಮ್ಮುತ್ತಿದ್ದವು ಎಂಬುದು ಸಣ್ಣ ವಿಚಾರ.) ಹಾಗಾಗಿ ಅತ್ತೆ ದೋನ್ಯಾ ಗುಮೆರ್ಸಿಂದಾ ತಂಗಿಯ ಊರಿಗೆ ಹೊರಟು, ತೀರಿಹೋದ ಗಂಡ ಕಾಡಿನಿಂದ ತಂದುಕೊಟ್ಟಿದ್ದ, ಮಣ್ಣಿಲ್ಲದೆ ಮರದ ಮೇಲೆ ಬೆಳೆಯುವ ಗಾಳಿಗಿಡವನ್ನು ಮಗಳು ಒತಿಲಿಯಾಳಿಗೆ ಒಪ್ಪಿಸಲು ಬಂದರೆ, ನಡುವೆ ಅಳಿಯ ಮಹಾಶಯರು ಕೈಚಾಚಿದರು.

"ಆಗ್ಲಿ. ಆದ್ರೆ ಇದು ಸತ್ರೆ ನಮ್ಮನೇಲಿ ನಿಮಗೆ ಕುರ್ಚಿ ಇರಲ್ಲ, ಅಳಿಯಂದ್ರೇ," ಎಂದರು ಅತ್ತೆ. ಅಳಿಯ ಇರುವ ಮನೆಯೂ ಅತ್ತೆಯದೇ, ಕೂರುವ ಕುರ್ಚಿಯೂ ಅತ್ತೆಯದೇ.

ಕೆಲವು ದಿನಕ್ಕೆ ಎಲೆಗಳು ಒಳಕ್ಕೆ ಮುದುಡಿ ತುದಿ ಒಣಗಿದವು. "ಬಾಯಾರಿಕೆ!" ಎಂದು ಘೋಷಿಸಿದ ದೋನ್ ಎವಾರಿಸ್ತೊ ಗಿಡವನ್ನು ನೀರಿನಲ್ಲಿ ಅದ್ದಿದರು. ಎಲೆಗಳು ಅರಳಿಕೊಂಡವು. ಅವರ ತೀರ್ಮಾನ ಸರಿಯಾಗಿತ್ತು. ಅನಾಹುತಕ್ಕೆ ಅದೇ ಮೂಲ. ಮಾರನೆಯ ದಿನದಿಂದ ಗಿಡಕ್ಕೆ ನೀರು ತುಂಬಿದ ಬೋಗುಣಿಯಲ್ಲೇ ವಾಸ.

"ರೀ, ಎತ್ತಿ ಒಣಗಿಸ್ರೀ. ಬುಡ ಕಪ್ಪಾಗಿದೆ."

"ಪುಷ್ಟಿ ಬಂದಿದೆ ಕಣೇ."

"ಮುಟ್ಟಿದ್ರೆ ಕೊಳೆತ ಬಾಳೆಹಣ್ಣಿನ ಹಾಗಿದೆ!"

"ಹೊಟ್ಟೆ ತುಂಬಿದವರು ಮೆತ್ತಗೇ ಇರ್ತಾರೆ. ನಿಂಗೇನು ಗೊತ್ತು ನೀರಿನ ವಿಷಯ?"

"ನಿಮ್ಮ ಹೊಟ್ಟೆ ದಿನಾ ನೋಡ್ತೀನಲ್ಲ, ಗೊತ್ತಾಗದೆ ಏನು!"

ಪುಷ್ಟಿಯನ್ನು ಪರೀಕ್ಷಿಸಲೆಂದು ಅವರು ಮೆಲ್ಲಗೆ ಎಳೆದರು. ಗಿಡದ ನಡುಭಾಗವೇ ಕಿತ್ತು ಕೈಗೆ ಬಂತು. ಉಳಿದ ಎಲೆಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು.

ಅಷ್ಟರಲ್ಲಿ ಫೋನು ಬಂತು: ಅತ್ತೆ ವಾಪಸು ಬರಲು ಬಸ್ ಹತ್ತಿಯಾಗಿದೆ.

ಮನೆಯೆದುರಿನ ಓಕ್ ಮರದ ಮೈತುಂಬ ಅದೇ ಜಾತಿಯ ಗಿಡಗಳಿದ್ದವು. ಯಾರ ಉಪಕಾರವೂ ಇಲ್ಲದೆ ಕೊಬ್ಬಿ ಬೆಳೆದಿದ್ದವು. ಊರಿನ ಎಂದಿನ ಜಿನುಗುಮಳೆಯಲ್ಲೇ ದೋನ್ ಎವಾರಿಸ್ತೊ ಏಣಿ ಹಾಕಿ ಹತ್ತಿ, ಅತ್ತೆಯ ಗಿಡದ ಅಳತೆಯದೊಂದನ್ನು ಕಿತ್ತು ಅಂಗಿಯೊಳಗೆ ತುರುಕಿಕೊಂಡರು. ಇಳಿಯಲು ತಿರುಗಿದರೆ ಏಣಿಯ ಬುಡದಲ್ಲಿ ಒಂದು ಕಪ್ಪು ಕೊಡೆ. ಕೊಡೆಯ ಕೆಳಗೆ ಅತ್ತೆ.

"ಏನ್ ಮಾಡ್ತಿದೀರಿ ಅಲ್ಲಿ?"

"ಗಿಡಗಳಿಗೆ... ನೀರು ಸಾಲ್ತಿಲ್ಲ ಅನ್ನಿಸ್ತು."

"ಈ ಮಳೇಲಾ?"

"ಮಳೆ ನೀರು ಬೇರೆ, ತಿಳಿದವರು ಹಾಕೋ ನೀರು ಬೇರೆ, ಅತ್ತೆಮ್ಮ."

ಅತ್ತೆ ಗಂಭೀರವಾಗಿ ತಲೆದೂಗಿದರು. "ಒತಿಲಿಯಾ, ನಿನ್ನ ಗಂಡನಿಗೆ ಬಕೆಟ್ಟು, ಚೊಂಬು ತಂದುಕೊಡು. ಪಾಪ, ಬರಿಗೈಲಿ ಹತ್ತಿದಾರೆ."

ಒತಿಲಿಯಾ ಓಡಿಯೇ ತಂದಳು. ಬೀದಿಯವರೆಲ್ಲ ಕೊಡೆ ಹಿಡಿದು ನೋಡುತ್ತಿರಲು, ದೋನ್ ಎವಾರಿಸ್ತೊ ಅದೇ ಮಳೆಯಲ್ಲಿ ಕೊಂಬೆ ಕೊಂಬೆಗೂ ಚೊಂಬಿನಿಂದ ನೀರೆರೆದರು. ನಡುಗುತ್ತ, "ಸಾಕಲ್ವಾ ಅತ್ತೆಮ್ಮ?" ಎಂದರು.

ಅತ್ತೆ ಕತ್ತೆತ್ತಿ ಒಮ್ಮೆ ಕೂಲಂಕಷವಾಗಿ ನೋಡಿದರು.

"ನಿಮ್ಮ ಅಂಗಿ ಕಾಲರಿನಿಂದ ಎಲೆ ಚಾಚಿಕೊಂಡಿದೆಯಲ್ಲ, ಒಂದು ಚೊಂಬು ಅದಕ್ಕೂ ಹಾಕ್ಕೊಳ್ಳಿ."